ಸರಸ್ವತೀ ಭಂಡಾರಿಗರೂ ಶಾಲೆಯ ಉಪಾಧ್ಯಾಯರೂ: ಅಂತರ್ಜಾಲ ಗ್ರಂಥಾಲಯ ಶಿಕ್ಷಣದ ಒಂದು ವಿಮರ್ಶೆ

1

ಗ್ರಂಥಾಲಯವೆಂದರೆ ಗ್ರಂಥಗಳಿರುವ ಮನೆ ಎಂಬುದು ಆ ಪದದ ಅವಯವಾರ್ಥ. ಮನೆಯೇ ಇಲ್ಲದ ಗ್ರಂಥಾಲಯವು ನಮ್ಮ ಕಾಲದಲ್ಲಿ ಬಳಕೆಗೆ ಬಂದಿದೆ. ಅಂಗೈಯಲ್ಲಿ ಹಿಡಿಯುವ ಫೋನಿನೊಳಗೆ ಸಾವಿರಾರು ಪುಸ್ತಕಗಳು ತೆರೆದುಕೊಳ್ಳುತ್ತವೆ. ಈ ಹೊಸ ಬಗೆಯ ಭಂಡಾರವನ್ನು ಬಳಸುವ ಕ್ರಮವನ್ನು ಗ್ರಂಥಪಾಲಕರು ಶಾಲೆಯ ಉಪಾಧ್ಯಾಯರಿಗೆ ಕಲಿಸುವ ಶಿಬಿರಗಳೂ ಅಲ್ಲಲ್ಲಿ ನಡೆಯುತ್ತಿವೆ. ಆ ಶಿಕ್ಷಣದಲ್ಲಿ ಕಲಿಸುತ್ತಿರುವುದು ಯಾವುದು, ಕಲಿಸತಕ್ಕದ್ದು ಯಾವುದು, ಇವೆರಡಕ್ಕೂ ನಡುವಣ ಅಂತರವೆಷ್ಟು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇದು ಸಂಶೋಧನ ಪತ್ರಿಕೆಗೆ ತಕ್ಕ ವಿಷಯವೇ ಎಂದು ವಾಚಕರಲ್ಲಿ ಕೆಲವರು ಶಂಕಿಸಬಹುದು. ತಕ್ಕುದೇ ಎಂದು ನನ್ನ ಅಭಿಪ್ರಾಯ. ಹತ್ತು ವರ್ಷದ ಬಾಲಕನು ಇಂದು ಶಾಲೆಯಲ್ಲಿ ಯಾವ ಪಾಠವನ್ನು ಕಂಠಸ್ಥ ಮಾಡುವನೋ ಅದೇ ಪಾಠವನ್ನು ಇಪ್ಪತ್ತು ವರ್ಷಗಳ ಮೇಲೆ ತನ್ನ ಪ್ರಬಂಧದಲ್ಲಿ ಪ್ರಮಾಣವಾಗಿ ಎತ್ತುತ್ತಾನೆ. ಮೂಲವನ್ನು ಹುಡುಕುವ ಅಭ್ಯಾಸವು ಶಾಲೆಯಲ್ಲಿ ಮೊಳೆಯದಿದ್ದರೆ ವಿಶ್ವವಿದ್ಯಾಲಯದಲ್ಲಿ ಫಲಿಸುವುದಿಲ್ಲ.

ನಿದರ್ಶನಕ್ಕಾಗಿ ಕಲಬುರಗಿ ನಗರವನ್ನೂ ಕಮಲಾಪುರವನ್ನೂ ತೆಗೆದುಕೊಂಡಿದ್ದೇನೆ. ಕಲಬುರಗಿಯಲ್ಲಿ 1980ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವಿದೆ, ಸಾರ್ವಜನಿಕ ಗ್ರಂಥಾಲಯವಿದೆ, ವೃತ್ತಿಶಿಕ್ಷಣ ಪಡೆದ ಗ್ರಂಥಪಾಲಕರಿದ್ದಾರೆ. ಅಲ್ಲಿಂದ ಹುಮನಾಬಾದಿನ ದಾರಿಯಲ್ಲಿ ಸುಮಾರು 35 ಕಿಲೋಮೀಟರು ದೂರದಲ್ಲಿ, ಕೆಂಪು ಬಾಳೆಯ ಹಣ್ಣಿಗೆ ಹೆಸರಾದ ಕಮಲಾಪುರವಿದೆ. ಅದು ಈಚೆಗೆ ತಾನೇ ಒಂದು ತಾಲೂಕಿನ ಕೇಂದ್ರವಾಗಿದೆ. ಜಿಲ್ಲೆಯ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇರುವುದೂ ಅಲ್ಲಿಯೇ. ಗ್ರಂಥವನ್ನು ಬಲ್ಲವರು ನಗರದಲ್ಲಿ, ಉಪಾಧ್ಯಾಯರನ್ನು ತಿದ್ದುವ ಸ್ಥಾನವು ಕಮಲಾಪುರದಲ್ಲಿ. ಈ ಎರಡರ ಸಂಬಂಧವು ಹೇಗಿರಬೇಕೆಂಬುದು ಒಂದು ಜಿಲ್ಲೆಯ ಪ್ರಶ್ನೆಯಂತೆ ತೋರಿದರೂ ನಾಡಿಗೆಲ್ಲ ಅನ್ವಯಿಸುವ ಪ್ರಶ್ನೆಯಾಗಿದೆ.

2

ಇದೇ ಜಿಲ್ಲೆಯ ಚಿತ್ತಾಪುರದ ಬಳಿಯಲ್ಲಿ ನಾಗಾವಿ ಎಂಬ ಪುರಾತನ ಸ್ಥಳವಿದೆ. ಅರುವತ್ತು ಕಂಬದ ಗುಡಿಯೆಂದು ಜನರು ಕರೆಯುವ ಕಟ್ಟಡವು ಇಂದಿಗೂ ಅಲ್ಲಿ ನಿಂತಿದೆ. ಅಲ್ಲಿಯ ಘಟಿಕಾಸ್ಥಾನವು ಶಾಸನಪ್ರಸಿದ್ಧವಾದುದು. ಚಾಲುಕ್ಯ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, ಕ್ರಿ. ಶ. 1058ರಲ್ಲಿ, ದಂಡನಾಯಕ ಮಧುಸೂದನನು ಮಾಡಿದ ವಿದ್ಯಾವ್ಯವಸ್ಥೆಯನ್ನು ಅಲ್ಲಿಯ ಶಾಸನವು ಲೆಕ್ಕಸಹಿತವಾಗಿ ಹೇಳುತ್ತದೆ. ವೇದಾಧ್ಯಯನಕ್ಕೆ 200 ಮಂದಿ ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನಕ್ಕೆ ಸುಮಾರು ಐವತ್ತು ಮಂದಿ. ವೇದಕ್ಕೆ ಮೂವರು ಉಪಾಧ್ಯಾಯರು. ಭಾಟ್ಟ, ನ್ಯಾಸ, ಪ್ರಾಭಾಕರಗಳೆಂಬ ಶಾಸ್ತ್ರಗಳಿಗೆ ಮೂವರು. ಇವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಗ್ರಂಥಭಂಡಾರವನ್ನು ನೋಡಿಕೊಳ್ಳುವವರು.

ಈ ಸಂಖ್ಯೆಯು ಗಮನಾರ್ಹವಾದುದು. ಉಪಾಧ್ಯಾಯರು ಆರು ಮಂದಿ, ಭಂಡಾರಿಗರೂ ಆರು ಮಂದಿ. ಓಲೆಯ ಕಟ್ಟುಗಳನ್ನು ಹುಳು ಹಿಡಿಯದಂತೆ ಕಾಯುವುದಕ್ಕೆ ಮಾತ್ರ ಅವರನ್ನಿಟ್ಟಿದ್ದರೆ ಒಬ್ಬಿಬ್ಬರು ಸಾಕಾಗುತ್ತಿತ್ತು. ಇನ್ನೂರೈವತ್ತು ಮಂದಿ ಓದುವ ಕಡೆಯಲ್ಲಿ ಯಾವ ಗ್ರಂಥವು ಯಾರಿಗೆ ಬೇಕು, ಯಾವ ಪ್ರತಿಯು ಶುದ್ಧವಾದುದು, ಯಾವುದನ್ನು ಮರುಬರೆಯಿಸಬೇಕು ಎಂಬುದನ್ನು ಅರಿತು ನಡೆಯಿಸುವ ಕೆಲಸವೂ ಅವರದಾಗಿದ್ದಿರಬೇಕು. ಇದು ಊಹೆಯೇ ಆದರೂ ಸಂಖ್ಯೆಯಿಂದ ಹೊರಡುವ ಊಹೆ. ಕನಿಷ್ಠಪಕ್ಷ ಇಷ್ಟು ನಿಶ್ಚಯ: ಸಾವಿರ ವರ್ಷಗಳಿಗೆ ಸಮೀಪವಾದ ಹಿಂದಿನ ಕಾಲದಲ್ಲಿ ಈ ಸೀಮೆಯವರು ವಿದ್ಯಾಸ್ಥಾನವನ್ನು ಏರ್ಪಡಿಸುವಾಗ ಗ್ರಂಥಕ್ಕೊಂದು ಕೋಣೆಯನ್ನು ಕಟ್ಟಿಸಿ ಸುಮ್ಮನಾಗಲಿಲ್ಲ, ಗ್ರಂಥಕ್ಕೆ ಮನುಷ್ಯರನ್ನು ನೇಮಿಸಿದರು.

ಇದಕ್ಕೆ ಪ್ರತಿಯಾಗಿ ನಮ್ಮ ಕಾಲದ ವ್ಯವಸ್ಥೆಯನ್ನು ನೋಡೋಣ. 2009ರ ಶಿಕ್ಷಣಹಕ್ಕಿನ ಕಾನೂನು ತನ್ನ ಅನುಬಂಧದಲ್ಲಿ ಪ್ರತಿ ಶಾಲೆಗೂ ಒಂದು ಗ್ರಂಥಾಲಯವಿರತಕ್ಕದ್ದೆಂದೂ, ಅದರಲ್ಲಿ ವೃತ್ತಪತ್ರಿಕೆ, ನಿಯತಕಾಲಿಕ, ಕಥೆಯ ಪುಸ್ತಕ ಮೊದಲಾದುವು ಇರತಕ್ಕದ್ದೆಂದೂ ವಿಧಿಸುತ್ತದೆ. ಗ್ರಂಥಪಾಲಕನಿರತಕ್ಕದ್ದೆಂದು ಆ ಅನುಬಂಧವು ಹೇಳುವುದಿಲ್ಲ. ಆದುದರಿಂದಲೇ ನಮ್ಮ ಬಹುತೇಕ ಸರಕಾರಿ ಶಾಲೆಗಳಲ್ಲಿ ಪುಸ್ತಕದ ಬೀರುವಿನ ಕೀಲಿಕೈಯು ಯಾರಾದರೊಬ್ಬ ಉಪಾಧ್ಯಾಯರ ವಶದಲ್ಲಿರುತ್ತದೆ. ಅವರಿಗೆ ಪಾಠವೂ ಉಂಟು, ಬಿಸಿಯೂಟದ ಲೆಕ್ಕವೂ ಉಂಟು, ಚುನಾವಣೆಯ ಕೆಲಸವೂ ಉಂಟು. ಕಳೆದರೆ ಉತ್ತರ ಹೇಳಬೇಕಾದೀತೆಂಬ ಭಯದಿಂದ ಬೀರು ಮುಚ್ಚಿಯೇ ಇರುತ್ತದೆ. ಶಾಸನವು ಭಂಡಾರಿಗರನ್ನು ಹೇಳಿತು, ಕಾನೂನು ಭಂಡಾರವನ್ನು ಮಾತ್ರ ಹೇಳಿತು.

3

ಇದಕ್ಕೆ ಪೂರ್ವಪಕ್ಷ ಹೀಗೆ: ‘ಬೀರುವಿದ್ದ ಕಾಲಕ್ಕೆ ಭಂಡಾರಿಗನು ಬೇಕಾಗಿದ್ದನು. ಈಗ ಬೀರುವೂ ಇಲ್ಲ, ಕೀಲಿಕೈಯೂ ಇಲ್ಲ. ಪುಸ್ತಕದ ಹೆಸರನ್ನು ಬರೆದರೆ ಪುಸ್ತಕವು ತಾನಾಗಿ ಬರುತ್ತದೆ. ಹೀಗಿರಲು ನಡುವೆ ಮತ್ತೊಬ್ಬನೇಕೆ? ಉಪಾಧ್ಯಾಯರಿಗೆ ಯಂತ್ರವನ್ನು ಬಳಸುವುದನ್ನು ಒಂದು ದಿನ ಕಲಿಸಿದರೆ ಸಾಕು.’

ಈ ಪೂರ್ವಪಕ್ಷವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ; ಆದರೆ ಇದನ್ನೇ ನಂಬಿ ಶಿಬಿರಗಳನ್ನು ನಡೆಯಿಸುವವರು ಬಹಳ. ಅಂಥ ಒಂದು ಶಿಬಿರದಲ್ಲಿ ನಾನು ಕುಳಿತು ಕೇಳಿದ್ದೇನೆ. ಸ್ಥಳವನ್ನಾಗಲಿ ನಡೆಯಿಸಿದವರನ್ನಾಗಲಿ ಹೇಳುವುದು ಅನಾವಶ್ಯಕ. ದೋಷವು ಪದ್ಧತಿಯದಲ್ಲದೆ ವ್ಯಕ್ತಿಯದಲ್ಲ. ಮೊದಲು ತಾಣಗಳ ಹೆಸರುಗಳನ್ನು ಗೋಡೆಯ ಮೇಲೆ ತೋರಿಸಿದರು. ಅನಂತರ ಪ್ರತಿಯೊಬ್ಬರೂ ಹೆಸರು ನೋಂದಾಯಿಸಿಕೊಂಡರು. ಪಾಸ್‌ವರ್ಡನ್ನು ಮರೆತರೆ ಏನು ಮಾಡತಕ್ಕದ್ದೆಂಬುದನ್ನು ಹೇಳುವುದರಲ್ಲಿ ಮಧ್ಯಾಹ್ನವಾಯಿತು. ಊಟದ ಮೇಲೆ ಒಂದು ಪುಸ್ತಕವನ್ನು ತೆರೆದು ಹಾಳೆ ಮಗುಚಿ ತೋರಿಸಿದರು. ಕೊನೆಯಲ್ಲಿ ಪ್ರಮಾಣಪತ್ರ, ಭಾವಚಿತ್ರ.

ನಡುವೆ ಒಬ್ಬ ಕನ್ನಡ ಉಪಾಧ್ಯಾಯರು ಎದ್ದುನಿಂತು, ‘ಹಳೆಯ ಕನ್ನಡದ ವ್ಯಾಕರಣದ ಪುಸ್ತಕ ಬೇಕಾಗಿತ್ತು, ‘ಕನ್ನಡ ವ್ಯಾಕರಣ’ ಎಂದು ಹುಡುಕಿದೆ, ನನಗೆ ಬೇಕಾದುದು ಬರಲಿಲ್ಲ’ ಎಂದರು. ‘ಬರಲಿಲ್ಲ ಅಂದರೆ ಇಲ್ಲ ಅಂತಲೇ ಸರ್’ ಎಂದು ಉತ್ತರ ಬಂದಿತು. ಅವರು ಕುಳಿತುಕೊಂಡರು. ಆ ದಿನದ ಶಿಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ಉಳಿದುದು ಆ ಒಂದು ಮಾತು. ಅದನ್ನು ಕುರಿತೇ ಮುಂದಿನ ವಿಚಾರ.

4

‘ಇಲ್ಲ’ ಎಂಬ ಜ್ಞಾನವು ಹೇಗೆ ಹುಟ್ಟುತ್ತದೆ ಎಂಬುದನ್ನು ನಮ್ಮ ಶಾಸ್ತ್ರಕಾರರು ಚೆನ್ನಾಗಿ ವಿಚಾರಿಸಿದ್ದಾರೆ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದೇ ಒಪ್ಪಿದರು. ಆದರೆ ಅದಕ್ಕೊಂದು ನಿಯಮವನ್ನು ಹಾಕಿದರು. ಕಾಣದಿರುವುದೆಲ್ಲ ಇಲ್ಲವೆಂಬುದಕ್ಕೆ ಪ್ರಮಾಣವಲ್ಲ. ಬೆಳಕಿರುವ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲವೆನ್ನಬಹುದು. ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎನ್ನುವಂಥ ಸಾಮಗ್ರಿಯೆಲ್ಲ ಕೂಡಿರುವಾಗಿನ ಅನುಪಲಬ್ಧಿಯೇ ಪ್ರಮಾಣ. ಇದನ್ನು ಯೋಗ್ಯಾನುಪಲಬ್ಧಿ ಎನ್ನುತ್ತಾರೆ. ನಾಗಾವಿಯಲ್ಲಿ ಓದಿಸುತ್ತಿದ್ದ ಶಾಸ್ತ್ರಗಳಲ್ಲಿ ಭಾಟ್ಟದರ್ಶನವೂ ಒಂದೆಂಬುದು ಇಲ್ಲಿ ಸ್ಮರಣೀಯ.

ಅಂತರ್ಜಾಲದ ಶೋಧಪೆಟ್ಟಿಗೆಯು ‘ಫಲಿತಾಂಶವಿಲ್ಲ’ ಎಂದು ಹೇಳುವಾಗ ಅದು ಬೆಳಕಿನ ಅನುಪಲಬ್ಧಿಯೋ ಕತ್ತಲೆಯದೋ ಎಂದು ವಿವೇಚಿಸುವುದೇ ಇಂದಿನ ಗ್ರಂಥಪಾಲಕನ ವಿದ್ಯೆಯ ಸಾರ. ಉಪಾಧ್ಯಾಯರಿಗೆ ಕಲಿಸತಕ್ಕ ಮೊದಲ ಪಾಠವೂ ಅದೇ. ಕತ್ತಲೆಗೆ ಕಾರಣಗಳು ಹಲವು. ಮುಖ್ಯವಾದ ನಾಲ್ಕನ್ನು ಹೇಳುತ್ತೇನೆ.

ಮೊದಲನೆಯದು ಸಂಧಿ. ಯಂತ್ರವು ಸಾಮಾನ್ಯವಾಗಿ ಅಕ್ಷರಗಳ ಸಾಲನ್ನು ಹೋಲಿಸುತ್ತದೆ; ಪದವನ್ನು ಅರಿಯುವುದಿಲ್ಲ. ‘ಹಳಗನ್ನಡ’ ಎಂಬಲ್ಲಿ ಕಕಾರಕ್ಕೆ ಗಕಾರವು ಆದೇಶವಾಗಿರುವುದರಿಂದ ‘ಕನ್ನಡ’ ಎಂದು ಹುಡುಕಿದವನಿಗೆ ಅದು ದೊರೆಯದು. ‘ಕಾವ್ಯಾವಲೋಕನ’ದಲ್ಲಿ ಸವರ್ಣದೀರ್ಘವಾಗಿದೆ, ‘ಅವಲೋಕನ’ ಎಂದು ಹುಡುಕಿದರೆ ಅದು ಅಡಗಿಯೇ ಇರುತ್ತದೆ. ಶಿಬಿರದಲ್ಲಿ ಎದ್ದುನಿಂತ ಉಪಾಧ್ಯಾಯರಿಗೆ ಆದೇಶಸಂಧಿಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ಅವರು ಪ್ರತಿವರ್ಷವೂ ಮಕ್ಕಳಿಗೆ ಹೇಳುತ್ತಾರೆ. ತಾವು ಬಲ್ಲ ವ್ಯಾಕರಣವೇ ಇಲ್ಲಿ ಕೀಲಿಕೈ ಎಂಬುದನ್ನು ಅವರಿಗೆ ತೋರಿಸಿಕೊಡಬೇಕಾಗಿತ್ತು, ಅಷ್ಟೆ.

ಎರಡನೆಯದು ಅಕ್ಷರಭೇದ. ಶಕಟರೇಫವೂ ರಳವೂ ಹಳೆಯ ಮುದ್ರಣಗಳಲ್ಲಿ ಇರುತ್ತವೆ. ‘ಬಾಳ್’ ಎಂದು ಹುಡುಕಿದವನಿಗೆ ‘ಬಾೞ್’ ಎಂಬುದು ಸಿಕ್ಕದು. ‘ಪಂಪ’ ‘ಪಮ್ಪ’ ಎಂಬೆರಡೂ ನಮ್ಮ ಕಿವಿಗೆ ಒಂದೇ, ಯಂತ್ರಕ್ಕೆ ಬೇರೆ. ಇದರೊಡನೆ ಈ ಕಾಲದ್ದೇ ಆದ ಮತ್ತೊಂದು ತೊಡಕೂ ಉಂಟು. ‘ನುಡಿ’ ಮೊದಲಾದ ಹಳೆಯ ಲಿಪಿಸಂಕೇತಗಳಲ್ಲಿ ಬೆರಳಚ್ಚಾದ ಬರಹವು ಕಣ್ಣಿಗೆ ಕನ್ನಡವಾಗಿ ಕಂಡರೂ ಯೂನಿಕೋಡಿಗೆ ಪರಿವರ್ತಿಸುವವರೆಗೆ ಯೂನಿಕೋಡಿನ ಶೋಧಕ್ಕೆ ಗೋಚರವಾಗುವುದಿಲ್ಲ. ನಮ್ಮ ಶಾಲೆಗಳಲ್ಲಿ ಸಿದ್ಧಪಡಿಸಿದ ಎಷ್ಟೋ ಪಾಠಟಿಪ್ಪಣಿಗಳು ಈ ಸ್ಥಿತಿಯಲ್ಲಿವೆ.

ಮೂರನೆಯದು ನಾಮಭೇದ. ಇದಕ್ಕೆ ಕಲಬುರಗಿಗಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ನಗರದ ಹೆಸರು 2014ರ ನವೆಂಬರು 1ರಂದು ಸರಕಾರದ ಬಳಕೆಯಲ್ಲಿ ಕಲಬುರಗಿಯಾಯಿತು. ಅದಕ್ಕೆ ಹಿಂದಿನ ಗ್ರಂಥಗಳಲ್ಲಿ ಗುಲಬರ್ಗಾ, ಗುಲ್ಬರ್ಗ, ಕಲಬುರ್ಗಿ, ಕಲ್ಬುರ್ಗಿ ಎಂದು ಮನಬಂದಂತೆ ಇದೆ. 1966ರ ಜಿಲ್ಲಾ ಗ್ಯಾಸೆಟಿಯರು ಹಳೆಯ ಹೆಸರಿನಲ್ಲಿಯೇ ಅಚ್ಚಾಗಿದೆ. ವಿಶ್ವವಿದ್ಯಾಲಯವು ಇಂದಿಗೂ ಆ ಹೆಸರಿನಲ್ಲಿಯೇ ಇದೆ. ತನ್ನ ಜಿಲ್ಲೆಯ ಇತಿಹಾಸವನ್ನು ಮಕ್ಕಳಿಗೆ ಹೇಳಬೇಕೆಂದಿರುವ ಕಮಲಾಪುರದ ಉಪಾಧ್ಯಾಯನು ಇಂದಿನ ಹೆಸರೊಂದನ್ನೇ ಬರೆದು ಹುಡುಕಿದರೆ ಇತಿಹಾಸವು ಹನ್ನೆರಡು ವರ್ಷಗಳಿಗಿಂತ ಈಚಿನದೆಂದು ಭ್ರಮಿಸಬೇಕಾದೀತು. ನಾಗಾವಿಯ ಶಾಸನಗಳ ವಿಷಯವೂ ಹಾಗೆಯೇ. 1928ರಲ್ಲಿ ಹೈದರಾಬಾದು ಸಂಸ್ಥಾನದ ಪುರಾತತ್ತ್ವ ಗ್ರಂಥಮಾಲೆಯಲ್ಲಿ ಅವು ಹೊರಬಂದಾಗ ಊರಿನ ಹೆಸರನ್ನು ‘ನಾಗೈ’ ಎಂದು ರೋಮನ್ ಲಿಪಿಯಲ್ಲಿ ಬರೆದರು. ‘ನಾಗಾವಿ’ ಎಂದು ಎಷ್ಟು ಹುಡುಕಿದರೂ ಆ ಪುಸ್ತಕವು ಬರಲಾರದು.

ನಾಲ್ಕನೆಯದು ಸೂಚಿಯ ದೋಷ. ಇದನ್ನು ಬೇರೆಯಾಗಿಯೇ ವಿಚಾರಿಸಬೇಕು.

5

ಕನ್ನಡ ಗ್ರಂಥಗಳು ಅಂತರ್ಜಾಲದಲ್ಲಿ ದೊಡ್ಡ ಪ್ರಮಾಣದಲ್ಲಿ ದೊರೆಯುವಂತಾದುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಯೋಜನೆಯಿಂದ. ಹಳೆಯ ಪುಸ್ತಕಗಳ ಪುಟಪುಟವನ್ನೂ ಚಿತ್ರ ತೆಗೆದು ಸೇರಿಸಿದರು. ಆ ತಾಣವು ಇಂದಿಲ್ಲ. ಅದರ ಪ್ರತಿಗಳು ಬಹುಮಟ್ಟಿಗೆ ಇಂಟರ್ನೆಟ್ ಆರ್ಕೈವ್ ಎಂಬ ತಾಣದಲ್ಲಿ ಉಳಿದುಕೊಂಡಿವೆ. ಅವುಗಳಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಕನ್ನಡ ಗ್ರಂಥಗಳೂ ಸೇರಿವೆ. ಇದರಲ್ಲೊಂದು ಸ್ವಾರಸ್ಯವುಂಟು. 1948ರವರೆಗೆ ಕಲಬುರಗಿಯು ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಉಸ್ಮಾನಿಯಾ ವಿಶ್ವವಿದ್ಯಾಲಯವು 1918ರಲ್ಲಿ ಉರ್ದುಮಾಧ್ಯಮದಲ್ಲಿ ಆರಂಭವಾದುದು. ಈ ಸೀಮೆಯವರು ಉಚ್ಚಶಿಕ್ಷಣಕ್ಕಾಗಿ ಯಾವ ಹೈದರಾಬಾದಿಗೆ ಹೋಗಬೇಕಾಗಿತ್ತೋ ಅಲ್ಲಿಯ ಕನ್ನಡ ಪುಸ್ತಕಗಳು ಈಗ ತಾವಾಗಿ ಕಮಲಾಪುರದ ಶಾಲೆಗೆ ಬರುವಂತಾಗಿದೆ.

ಆದರೆ ಬರುವ ದಾರಿಯಲ್ಲಿ ಮುಳ್ಳುಗಳಿವೆ. ಆ ಪುಸ್ತಕಗಳ ಹೆಸರುಗಳನ್ನು ಸೂಚಿಯಲ್ಲಿ ರೋಮನ್ ಲಿಪಿಗೆ ಇಳಿಸಿದ್ದಾರೆ. ಇಳಿಸುವುದರಲ್ಲಿ ಒಂದು ನಿಯಮವಿಲ್ಲ. ಒಂದೇ ದೀರ್ಘಾಕ್ಷರವನ್ನು ಒಂದು ಕಡೆ ಎರಡು ಅಕ್ಷರಗಳಿಂದಲೂ ಮತ್ತೊಂದು ಕಡೆ ಒಂದರಿಂದಲೂ ಬರೆದಿದ್ದಾರೆ. ಸಂಪಾದಕನ ಹೆಸರು ಗ್ರಂಥಕರ್ತೃವಿನ ಸ್ಥಾನದಲ್ಲಿ ಬಂದಿರುವುದೂ ಉಂಟು. ಭಾರತೀಯ ಲಿಪಿಗಳ ಲಿಪ್ಯಂತರಕ್ಕೆ ವಿದ್ವಾಂಸರು ಒಪ್ಪಿದ ಕ್ರಮವು ಒಂದು ಶತಮಾನಕ್ಕಿಂತ ಹೆಚ್ಚು ಕಾಲದಿಂದ ಇರುವಾಗ ಹೀಗಾದುದು ಶೋಚನೀಯ. ಈ ಭಂಡಾರದಲ್ಲಿ ಹುಡುಕುವವನು ಒಂದು ಹೆಸರನ್ನು ನಾಲ್ಕೈದು ಬಗೆಯಲ್ಲಿ ಬರೆದು ನೋಡತಕ್ಕದ್ದು. ಇದನ್ನು ಕಲಿಸದೆ ಭಂಡಾರದ ಬಾಗಿಲನ್ನು ಮಾತ್ರ ತೋರಿಸುವುದು ವ್ಯರ್ಥ.

ಉಳಿದ ಸಾಧನಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಖರಗಪುರದ ಐಐಟಿಯವರು ಕಟ್ಟಿ, 2018ರಲ್ಲಿ ದೇಶಕ್ಕೆ ಸಮರ್ಪಿತವಾದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವು ಮುಖ್ಯವಾಗಿ ಒಂದು ಮಹಾಸೂಚಿ. ಗ್ರಂಥಗಳು ಬೇರೆ ಬೇರೆ ಸಂಸ್ಥೆಗಳಲ್ಲಿರುತ್ತವೆ, ದಾರಿಯನ್ನು ಅದು ತೋರಿಸುತ್ತದೆ. 2017ರಲ್ಲಿ ಆರಂಭವಾದ ‘ದೀಕ್ಷಾ’ವು ಪಠ್ಯಪುಸ್ತಕಕ್ಕೆ ಹೊಂದಿದ ಪಾಠಸಾಮಗ್ರಿಗಳ ಸಂಗ್ರಹ, ಅದನ್ನು ಗ್ರಂಥಾಲಯವೆಂದು ಭಾವಿಸಬಾರದು. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಯು 2020ರಲ್ಲಿ ತೆರೆದ ಡಿಜಿಟಲ್ ಗ್ರಂಥಾಲಯವು ಸಾಮಾನ್ಯ ವಾಚಕರಿಗೂ ವಿದ್ಯಾರ್ಥಿಗಳಿಗೂ ಉಪಯುಕ್ತವಾದುದು. ‘ವಚನ ಸಂಚಯ’ ಎಂಬುದು ಉತ್ಸಾಹಿಗಳು ಕಟ್ಟಿದ್ದು. ಇಪ್ಪತ್ತು ಸಾವಿರಕ್ಕೆ ಮೇಲ್ಪಟ್ಟ ವಚನಗಳನ್ನು ಪದಪದವಾಗಿ ಹುಡುಕುವ ಅನುಕೂಲವನ್ನು ಅದು ಒದಗಿಸಿದೆ. ಶರಣರದೆಂದು ಹೇಳಿ ಫೋನುಗಳಲ್ಲಿ ಹರಿದಾಡುವ ವಾಕ್ಯಗಳು ಶಾಲೆಯ ಗೋಡೆಗಳ ಮೇಲೂ ಏರುತ್ತಿರುವ ಈ ಕಾಲದಲ್ಲಿ, ವಾಕ್ಯವು ವಚನವಾಙ್ಮಯದಲ್ಲಿ ಉಂಟೇ ಎಂದು ನೋಡುವುದಕ್ಕೆ ಇದು ಉತ್ತಮ ಸಾಧನ. ಇಲ್ಲಿಯೂ ಸಂಧಿಯ ನಿಯಮವನ್ನೂ ಪಾಠಾಂತರದ ಸಂಭವವನ್ನೂ ಮರೆಯಬಾರದು. ಒಂದೊಂದು ಸಾಧನಕ್ಕೆ ಒಂದೊಂದು ಪ್ರಯೋಜನ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಶಿಬಿರದಿಂದ ಈ ಭೇದವು ತಿಳಿಯುವುದಿಲ್ಲ.

6

ದೊರೆತ ಮೇಲೆ ಕೆಲಸ ಮುಗಿಯಿತೇ? ಇಲ್ಲ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಡೆದ ಒಂದು ಪ್ರಸಂಗವನ್ನು ಹೇಳಲು ಅನುಮತಿ ಬೇಡುತ್ತೇನೆ. ಗುರುಗಳು ರಘುವಂಶವನ್ನು ತರಲು ನನ್ನನ್ನು ಪುಸ್ತಕದ ಕೋಣೆಗೆ ಕಳುಹಿಸಿದರು. ನಾನು ಕೈಗೆ ಸಿಕ್ಕಿದ ರಘುವಂಶವನ್ನು ಎತ್ತಿಕೊಂಡು ಹೊರಟೆ. ಅಲ್ಲಿದ್ದ ಮುದುಕರು ತಡೆದು ಮೂರು ಪ್ರಶ್ನೆಗಳನ್ನು ಕೇಳಿದರು: ‘ಯಾರ ವ್ಯಾಖ್ಯಾನ ಬೇಕಂತೆ? ಯಾವ ಅಚ್ಚು? ಇದರಲ್ಲಿ ಎಲ್ಲ ಸರ್ಗವೂ ಇದೆಯೇ ನೋಡಿದೆಯಾ?’ ನಾನು ಎತ್ತಿಕೊಂಡಿದ್ದುದು ಆರು ಸರ್ಗಗಳ, ವ್ಯಾಖ್ಯಾನವಿಲ್ಲದ ಪುಸ್ತಕ. ಗುರುಗಳು ಮಲ್ಲಿನಾಥನ ವ್ಯಾಖ್ಯಾನವಿಲ್ಲದೆ ಪಾಠ ಹೇಳುತ್ತಿರಲಿಲ್ಲ. ಆ ಮುದುಕರಿಗೆ ಸಂಬಳ ಅತ್ಯಲ್ಪ. ಪಂಡಿತರೆಂಬ ಹೆಸರೂ ಇರಲಿಲ್ಲ. ಆದರೆ ಪುಸ್ತಕವನ್ನು ಪುಸ್ತಕದಿಂದ ಬೇರ್ಪಡಿಸುವ ವಿದ್ಯೆಯನ್ನು ನನಗೆ ಕಲಿಸಿದವರು ಅವರೇ. ಶೋಧಪೆಟ್ಟಿಗೆಯು ಕೇಳಿದುದನ್ನು ಕೊಡುತ್ತದೆ; ಆ ಮೂರು ಪ್ರಶ್ನೆಗಳನ್ನು ಕೇಳುವುದಿಲ್ಲ.

ಇದರ ಮಹತ್ತ್ವವನ್ನು ಈ ಸೀಮೆಯದೇ ಆದ ಗ್ರಂಥದಿಂದ ತೋರಿಸುತ್ತೇನೆ. ಕವಿರಾಜಮಾರ್ಗವು ಕಲಬುರಗಿಯ ಮಕ್ಕಳಿಗೆ ಅಭಿಮಾನದ ವಸ್ತು. ಅಮೋಘವರ್ಷ ನೃಪತುಂಗನ ರಾಜಧಾನಿಯಾದ ಮಾನ್ಯಖೇಟವು ಇದೇ ಜಿಲ್ಲೆಯ ಮಳಖೇಡ. ಆ ಗ್ರಂಥದ ಮೊದಲ ಮುದ್ರಣವನ್ನು ಕೆ. ಬಿ. ಪಾಠಕರು 1898ರಲ್ಲಿ ಸಂಪಾದಿಸಿದರು. ನೃಪತುಂಗನೇ ಕರ್ತೃವೆಂಬುದು ಅವರ ಅಭಿಪ್ರಾಯ. ಅನಂತರ ಬಹುಕಾಲ ಚರ್ಚೆ ನಡೆದು, ನೃಪತುಂಗನ ಆಸ್ಥಾನದ ಶ್ರೀವಿಜಯನು ಕರ್ತೃವೆಂಬುದೇ ಇಂದು ವಿದ್ವಾಂಸರಲ್ಲಿ ಪ್ರಬಲವಾದ ಮತ. ಉಪಾಧ್ಯಾಯರೊಬ್ಬರು ಅಂತರ್ಜಾಲದಲ್ಲಿ ಹಳೆಯ ಮುದ್ರಣವನ್ನು ತೆರೆದರೆ ಒಂದು ಹೆಸರು, ಈಚಿನ ಮುದ್ರಣವನ್ನು ತೆರೆದರೆ ಮತ್ತೊಂದು. ಮುದ್ರಣದ ಕಾಲವನ್ನು ನೋಡುವ ಅಭ್ಯಾಸವಿಲ್ಲದವರಿಗೆ ಇದು ಬರಿಯ ಗೊಂದಲ. ಆ ಅಭ್ಯಾಸವಿದ್ದವರಿಗೆ ಇದೇ ಒಂದು ಸೊಗಸಾದ ಪಾಠ. ನೂರು ವರ್ಷಗಳಲ್ಲಿ ತಿಳಿವಳಿಕೆಯು ಹೇಗೆ ಬದಲಾಯಿಸಿತು, ಯಾವ ಆಧಾರದಿಂದ ಬದಲಾಯಿಸಿತು ಎಂಬುದನ್ನು ಎರಡು ಮುದ್ರಣಗಳನ್ನು ಅಕ್ಕಪಕ್ಕದಲ್ಲಿ ತೆರೆದು ಹೈಸ್ಕೂಲಿನ ಮಕ್ಕಳಿಗೆ ತೋರಿಸಬಹುದು. ಹಿಂದೆ ಇದು ಸಾಧ್ಯವಿರಲಿಲ್ಲ. 1898ರ ಮುದ್ರಣವನ್ನು ಹಳ್ಳಿಯ ಶಾಲೆಗೆ ತರುವವರು ಯಾರು? ಈಗ ಸಾಧ್ಯವಾಗಿದೆ. ಹೊಸ ಭಂಡಾರದ ನಿಜವಾದ ಲಾಭವು ಇಂಥದ್ದು. ಪುಸ್ತಕಗಳ ಸಂಖ್ಯೆಯನ್ನು ಹೇಳಿ ಹೆಮ್ಮೆಪಡುವುದಕ್ಕಿಂತ ಈ ಒಂದು ಪಾಠವನ್ನು ಮಾಡಿ ತೋರಿಸುವುದು ಮೇಲು.

ಮೂಲವಿಲ್ಲದುದನ್ನು ಬರೆಯುವುದಿಲ್ಲ, ಬೇಡದುದನ್ನು ಹೇಳುವುದಿಲ್ಲ ಎಂಬ ಅರ್ಥದ ಪ್ರತಿಜ್ಞೆಯನ್ನು ಮಲ್ಲಿನಾಥನು ಮಾಡಿಕೊಂಡು ವ್ಯಾಖ್ಯಾನಕ್ಕೆ ತೊಡಗಿದನೆಂಬುದು ಸಂಸ್ಕೃತಜ್ಞರಿಗೆ ತಿಳಿದ ವಿಷಯ. ಶಾಲೆಯ ಉಪಾಧ್ಯಾಯನಿಗೆ ಅಂತರ್ಜಾಲ ಶಿಕ್ಷಣದಿಂದ ಬರಬೇಕಾದ ಸಂಸ್ಕಾರವೂ ಇದೇ.

7

ಸ್ವಾಮ್ಯದ ವಿಷಯವನ್ನೂ ಒಂದೆರಡು ಮಾತಿನಲ್ಲಿ ಹೇಳಬೇಕು. ಏಕೆಂದರೆ ಉಪಾಧ್ಯಾಯರಲ್ಲಿ ಕೆಲವರು ಎಲ್ಲವನ್ನೂ ಹಂಚುತ್ತಾರೆ, ಕೆಲವರು ಹೆದರಿ ಏನನ್ನೂ ಮುಟ್ಟುವುದಿಲ್ಲ. 1957ರ ಕೃತಿಸ್ವಾಮ್ಯದ ಕಾನೂನಿನಂತೆ ಕರ್ತೃವು ಮೃತನಾದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಸ್ವಾಮ್ಯವಿರುತ್ತದೆ. 1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು 1946ರಲ್ಲಿ ತೀರಿಕೊಂಡರು. ಅವರ ಕೃತಿಗಳು 2007ರಿಂದ ಮುಕ್ತ. ಫ. ಗು. ಹಳಕಟ್ಟಿಯವರು ತೀರಿಕೊಂಡುದು 1964ರಲ್ಲಿ. ಅವರವು 2025ರ ಆರಂಭದಿಂದ ಮುಕ್ತವಾಗಿವೆ. ಬೇಂದ್ರೆಯವರ ಕೃತಿಗಳಿಗೆ 2041ರ ಕೊನೆಯವರೆಗೂ ಸ್ವಾಮ್ಯವುಂಟು. ಪಾಠದ ಪ್ರಸಂಗದಲ್ಲಿ ಉಪಾಧ್ಯಾಯನೂ ವಿದ್ಯಾರ್ಥಿಯೂ ಮಾಡಿಕೊಳ್ಳುವ ಪ್ರತಿಗೆ ಅದೇ ಕಾನೂನಿನ 52ನೆಯ ಪ್ರಕರಣದಲ್ಲಿ ವಿನಾಯಿತಿಯಿದೆ. ಇಷ್ಟನ್ನು ಕಲಿಸಲು ಅರ್ಧಗಂಟೆ ಸಾಕು. ಹೋಗುವ ಭಯವು ಬಹಳ.

ಇನ್ನು ಅನುಷ್ಠಾನ. ಕಲಬುರಗಿಯ ಗ್ರಂಥಾಲಯದಲ್ಲಿ ಕುಳಿತವನಿಗೆ ಇರುವ ಸಂಪರ್ಕವು ಕಮಲಾಪುರದ ಸುತ್ತಣ ಹಳ್ಳಿಯ ಶಾಲೆಯಲ್ಲಿ ಎಲ್ಲ ವೇಳೆಯಲ್ಲಿಯೂ ಇರುತ್ತದೆನ್ನಲಾಗದು. ಆದುದರಿಂದ ನಗರದಲ್ಲಿ ಇಳಿಸಿಕೊಂಡು ಹಳ್ಳಿಗೆ ಒಯ್ಯುವ ಕ್ರಮವನ್ನು ಕಲಿಸತಕ್ಕದ್ದು. ಇದು ಹಳೆಯವರ ಪ್ರತಿಯೆತ್ತುವ ಸಂಪ್ರದಾಯವೇ ಸರಿ. ಪ್ರತಿಯೆತ್ತುವವನು ಕೊನೆಯಲ್ಲಿ ತನ್ನ ಹೆಸರು, ಕಾಲ, ಮಾತೃಕೆಯ ವಿವರಗಳನ್ನು ಬರೆಯುತ್ತಿದ್ದನು. ನಾವೂ ಯಾವ ತಾಣದಿಂದ, ಯಾವ ದಿನ, ಯಾವ ಮುದ್ರಣವನ್ನು ಇಳಿಸಿಕೊಂಡೆವೆಂಬುದನ್ನು ಕಡತದ ಹೆಸರಿನಲ್ಲಿಯೇ ಬರೆದಿಡಬೇಕು. ತಾಣಗಳು ಕಣ್ಮುಚ್ಚುತ್ತವೆಂಬುದನ್ನು ಮೇಲೆ ನೋಡಿದೆವಷ್ಟೆ.

8

ಇಷ್ಟು ಹೇಳಿದ ಮೇಲೆ ಗ್ರಂಥಪಾಲಕರನ್ನು ಮಾತ್ರ ದೂರುವುದು ನ್ಯಾಯವಲ್ಲ. ನೋಂದಾಯಿಸಿದವರ ಸಂಖ್ಯೆಯನ್ನು ವರದಿ ಕೇಳುವವರು ಬೇಕಾದ ಗ್ರಂಥವನ್ನು ಕಂಡುಕೊಂಡವರ ಸಂಖ್ಯೆಯನ್ನು ಕೇಳುವುದಿಲ್ಲ. ಕೇಳಿದುದಕ್ಕೆ ತಕ್ಕ ಶಿಕ್ಷಣವು ನಡೆಯುತ್ತದೆ. 1965ರ ಕಾನೂನಿನಿಂದ ಬಂದ ಸಾರ್ವಜನಿಕ ಗ್ರಂಥಾಲಯಗಳು ಒಂದು ಇಲಾಖೆಯಲ್ಲಿವೆ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿಯ ಇಲಾಖೆಗೆ ಸೇರಿ, ಈಗ ‘ಅರಿವು ಕೇಂದ್ರ’ಗಳೆಂಬ ಹೆಸರನ್ನು ಪಡೆದಿವೆ. ವಿಶ್ವವಿದ್ಯಾಲಯದ ಗ್ರಂಥಪಾಲಕರದು ಬೇರೆ ಅಧಿಕಾರ, ಉಪಾಧ್ಯಾಯರ ತರಬೇತಿ ಸಂಸ್ಥೆಯದು ಬೇರೆ. ಉಪಾಧ್ಯಾಯರಿಗೆ ಗ್ರಂಥಶೋಧವನ್ನು ಕಲಿಸುವುದು ಇವರೆಲ್ಲರಿಗೂ ಸಂಬಂಧಿಸಿದುದೇ. ಆದರೆ ಇವರಲ್ಲಿ ಒಬ್ಬರ ಕರ್ತವ್ಯವೆಂದು ಗೊತ್ತಾಗಿಲ್ಲ.

ನಮ್ಮಂಥ ಪಂಡಿತರ ಅಪರಾಧವೂ ಸಣ್ಣದಲ್ಲ. ಸೂಚಿಯ ದೋಷವನ್ನು ಹೀಯಾಳಿಸಿದೆವಲ್ಲದೆ ತಿದ್ದಿಕೊಡಲು ಮುಂದಾಗಲಿಲ್ಲ. ಕನ್ನಡದ ಹಳೆಯ ಮುದ್ರಣಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ, ಕರ್ತೃ ಸಂಪಾದಕರನ್ನು ಬೇರ್ಪಡಿಸಿ, ಶುದ್ಧವಾಗಿ ಬರೆಯುವುದಕ್ಕೆ ಯಂತ್ರಜ್ಞಾನವು ಬೇಕಿಲ್ಲ. ನಾವು ಬಲ್ಲ ವಿದ್ಯೆಯೇ ಸಾಕು. ಈ ಪತ್ರಿಕೆಯನ್ನು ಓದುವ ಒಬ್ಬೊಬ್ಬರು ನೂರು ನೂರು ಪುಸ್ತಕಗಳ ಹೆಸರನ್ನು ತಿದ್ದಿದರೂ ಮುಂದೆ ಹುಡುಕುವವರ ಹೊರೆ ಎಷ್ಟೋ ಇಳಿದೀತು.

ನನ್ನ ಸೂಚನೆಯು ಅಲ್ಪವಾದುದು. ಕಮಲಾಪುರದ ಸಂಸ್ಥೆಯಲ್ಲಿ ಉಪಾಧ್ಯಾಯರು ಸೇರುವ ವೇಳೆಗೆ ಕಲಬುರಗಿಯ ಗ್ರಂಥಪಾಲಕರೊಬ್ಬರನ್ನು ಕರೆಯಿಸಿ, ಒಂದು ದಿನಕ್ಕೆ ಬದಲಾಗಿ ತಿಂಗಳಿಗೊಂದರಂತೆ ಆರು ದಿನ ಪಾಠವನ್ನೇರ್ಪಡಿಸಬೇಕು. ನಾಗಾವಿಯ ಆರು ಮಂದಿಯನ್ನು ನೆನೆದು ಆರು ದಿನವೆಂದೆ. ಹೆಸರಿನ ನಾನಾರೂಪಗಳು, ಸಂಧಿಯನ್ನು ಬಿಡಿಸಿ ಹುಡುಕುವುದು, ಸೂಚಿಯನ್ನು ಓದುವುದು, ಮುದ್ರಣಗಳನ್ನು ಹೋಲಿಸುವುದು, ಸ್ವಾಮ್ಯ ಮತ್ತು ಪ್ರತಿಯೆತ್ತುವಿಕೆ, ಕೊನೆಯ ದಿನ ತಮ್ಮ ತಮ್ಮ ಊರಿನ ಶಾಸನವನ್ನೋ ಕವಿಯನ್ನೋ ಹುಡುಕಿ ತಂದು ಒಪ್ಪಿಸುವುದು. ಪ್ರತಿ ಉಪಾಧ್ಯಾಯರೂ ತಾವು ಹುಡುಕಿ ಸಿಕ್ಕದಿದ್ದುದನ್ನು ಬರೆದು ತರಬೇಕು. ಗ್ರಂಥಪಾಲಕರು ಮುಂದಿನ ತಿಂಗಳು ಅದಕ್ಕೆ ಉತ್ತರ ಹೇಳಬೇಕು. ‘ಇಲ್ಲ’ ಎನ್ನುವುದಾದರೆ ಏಕೆ ಇಲ್ಲವೆಂಬುದನ್ನೂ ಹೇಳಬೇಕು.

ಶಿಬಿರದಲ್ಲಿ ಎದ್ದುನಿಂತ ಆ ಉಪಾಧ್ಯಾಯರ ಬಳಿಗೆ ಸಾಯಂಕಾಲ ನಾನು ಹೋಗಿ, ‘ಹಳಗನ್ನಡ ಎಂದು ಬರೆದು ನೋಡಿ, ಬಾರದಿದ್ದರೆ ಗ್ರಂಥದ ಹೆಸರನ್ನೇ ಬರೆಯಿರಿ, ಶಬ್ದಮಣಿದರ್ಪಣವೆಂದು’ ಎಂದೆ. ಅವರು ಅಲ್ಲಿಯೇ ನಿಂತು ಬರೆದರು. ಪುಸ್ತಕ ಬಂದಿತು. ಅವರು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, ‘ಇದು ಯಾವ ಅಚ್ಚು?’ ಎಂದು ಕೇಳಿದರು. ನನಗೆ ಪಾಠಶಾಲೆಯ ಆ ಮುದುಕರ ನೆನಪಾಯಿತು.